ಕಾಟನ್ ಗ್ರೀನ್ ಸ್ಟೇಷನ್ನೂ ನಮ್ಮ ಮನೆಯ ವಹಿಯೂ

ಚೆಂಬೂರಿನಿಂದ ವಿ.ಟಿ.ಗೆ ಹೋಗುವ ಹಾರ್ಬರ್ ಲೈನಿನಲ್ಲಿ ಶಿವಡಿ ದಾಟಿದ ಮೇಲೆ ಕಾಟನ್ ಗ್ರೀನ್ ಅಂತ ಒಂದು ಸ್ಟೇಷನ್ ಬರುತ್ತದೆ. ಬ್ಯಾಂಕಿನ ನೌಕರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ನಾನು ಆ ದಾರಿಯಲ್ಲಿ ಓಡಾಡಿದವನು. ಸೀಟು ಸಿಕ್ಕರೆ ಪೇಪರು, ಸಿಗದಿದ್ದರೆ ಮೇಲಿನ ಹಿಡಿಕೆ. ಸ್ಟೇಷನ್ನಿನ ಹೆಸರಿನ ಕಡೆ ಯಾರು ಲಕ್ಷ್ಯ ಕೊಡುತ್ತಾರೆ? ನಾನಾದರೂ ಕೊಡಬೇಕಿತ್ತು. ಅಣ್ಣಿಗೇರಿ–ನವಲಗುಂದದ ಕಡೆಯ ಎರೆಭೂಮಿಯವನು ನಾನು. ಹತ್ತಿ ಮಾರಿದ ದುಡ್ಡಿನಲ್ಲಿ ಓದಿ, ಎಂ.ಕಾಂ. ಮಾಡಿ, ಮುಂಬಯಿಗೆ ಬಂದವನು.

2005ರ ಜನವರಿಯಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಅಮೆರಿಕದ ಜೆ.ಪಿ. ಮಾರ್ಗನ್ ಚೇಸ್ ಬ್ಯಾಂಕು ಕ್ಷಮೆ ಕೇಳಿತ್ತು. ಮುಂದೆ ಅದರಲ್ಲಿ ಸೇರಿಹೋದ ಲೂಸಿಯಾನಾದ ಎರಡು ಹಳೆಯ ಬ್ಯಾಂಕುಗಳು 1831ರಿಂದ 1865ರ ನಡುವೆ ಸುಮಾರು 13,000 ಗುಲಾಮರನ್ನು ಸಾಲಕ್ಕೆ ಅಡವು ಇಟ್ಟುಕೊಂಡಿದ್ದವಂತೆ. ಸಾಲ ತೀರದೇ ಹೋದಾಗ ಅವರಲ್ಲಿ ಸುಮಾರು 1,250 ಜನರ ಮಾಲೀಕತ್ವ ಬ್ಯಾಂಕುಗಳಿಗೇ ಬಂತು. ಮಧ್ಯಾಹ್ನದ ಡಬ್ಬಿಯ ಹೊತ್ತಿನಲ್ಲಿ ಈ ಸುದ್ದಿ ಓದಿ ಹೇಳಿದೆ. ನಮ್ಮ ಸಾಲ ವಿಭಾಗದ ಮರಾಠಿ ಗೆಳೆಯ ಚಪಾತಿ ಮುರಿಯುತ್ತಾ, "ಮಾರ್ಜಿನ್ ಎಷ್ಟು ಇಟ್ಟಿರಬಹುದು?" ಅಂದ. ಎಲ್ಲರೂ ನಕ್ಕೆವು. ಇನ್ನೊಬ್ಬ, "ಇನ್ಸ್ಪೆಕ್ಷನ್ನಿಗೆ ಯಾರು ಹೋಗ್ತಿದ್ರು?" ಅಂದ. ಮತ್ತೆ ನಕ್ಕೆವು. ಆಮೇಲೆ ಯಾಕೋ ಯಾರೂ ಮಾತಾಡಲಿಲ್ಲ. ಯಾಕೆಂದರೆ ಆ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರ ಇದ್ದಿರಲೇಬೇಕು. ವಯಸ್ಸು, ಆರೋಗ್ಯ, ಕಸುಬು ನೋಡಿ ಬೆಲೆ ಕಟ್ಟಿದವನೊಬ್ಬ ಇದ್ದಿರಬೇಕು. ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಮಾಲೀಕನದೇ ಎಂಬುದು ಅಲ್ಲಿಯ ಕಾನೂನು. ಅಂದರೆ ಅಡವಿನ ಮೌಲ್ಯ ತಾನಾಗಿಯೇ ಬೆಳೆಯುತ್ತಿತ್ತು. ಅದನ್ನು ಕಾಲಂ ಎಳೆದು ದುಂಡಗಿನ ಅಕ್ಷರದಲ್ಲಿ ಬರೆದವನು ನನ್ನಂಥ ಒಬ್ಬ ಗುಮಾಸ್ತ. ಸಂಜೆ ಮನೆಗೆ ಹೋಗಿ ಮಕ್ಕಳ ಜೊತೆ ಊಟ ಮಾಡಿದವನು. ಅವನು ಯಾರನ್ನೂ ಹೊಡೆಯಲಿಲ್ಲ.

ಅವನ ಪಾಲು ಎಷ್ಟು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಮೆರಿಕದ ಇತಿಹಾಸ ನಾನು ಶಾಲೆಯಲ್ಲಿ ಓದಿದ್ದು ಎರಡು ಪುಟ. ಲಿಂಕನ್ ಬಂದ, ಗುಲಾಮಗಿರಿ ಹೋಯಿತು. ನಿವೃತ್ತಿಯ ಆಚೀಚೆ ಕೂತು ಓದಿದಾಗ ಗೊತ್ತಾಯಿತು, ಅದು ಹೆಚ್ಚಾಗಿ ಹತ್ತಿಯ ಕಥೆ ಅಂತ. 1790ರ ಜನಗಣತಿಯಲ್ಲಿ ಅಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. ಇದು ನಿಧಾನವಾಗಿ ಸತ್ತುಹೋಗುವ ಪದ್ಧತಿ ಎಂದು ನಂಬಿದವರು ಆಗ ಬಹಳ ಜನ. 1793ರಲ್ಲಿ ಈಲಾಯ್ ವಿಟ್ನಿ ಅರಳೆಯಿಂದ ಬೀಜ ಬಿಡಿಸುವ ಜಿನ್ ಯಂತ್ರ ಮಾಡಿದ. ಕೈಯಿಂದ ಬಿಡಿಸುವ ತ್ರಾಸು ತಪ್ಪಿತು, ಗುಲಾಮರ ತ್ರಾಸು ಹತ್ತು ಪಟ್ಟಾಯಿತು. ಹತ್ತಿಗೆ ಭೂಮಿ ಬೇಕು, ಪಶ್ಚಿಮಕ್ಕೆ ಹೊರಟರು. 1830ರ ಕಾಯ್ದೆ ಮಾಡಿ ಚೆರೋಕಿ, ಕ್ರೀಕ್, ಚಾಕ್ಟಾ ಮೊದಲಾದ ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆ ಅಟ್ಟಿದರು. ಖಾಲಿಯಾದ ಅಲಬಾಮಾದಲ್ಲಿ 'ಬ್ಲ್ಯಾಕ್ ಬೆಲ್ಟ್' ಎಂಬ ಸೀಮೆ ಇದೆ. ಆ ಹೆಸರು ಮೊದಲು ಬಂದದ್ದು ಕಪ್ಪು ಮಣ್ಣಿನಿಂದ. ಓದುತ್ತಿದ್ದವನು ಅಲ್ಲೇ ನಿಂತೆ. ನಮ್ಮ ಎರೆಭೂಮಿಯೇ ಅಲ್ಲವೇ ಇದು!

ಆ ಹೊಸ ಭೂಮಿಗೆ ಆಳು ಬೇಕಲ್ಲ? ಹೊರಗಿನಿಂದ ಗುಲಾಮರನ್ನು ತರುವುದು 1808ರಿಂದ ನಿಷಿದ್ಧ. ಹಾಗಾಗಿ ವರ್ಜೀನಿಯಾ, ಮೇರಿಲ್ಯಾಂಡಿನ ಹಳೆಯ ತೋಟಗಳಿಂದ ಮಾರಾಟ ಶುರುವಾಯಿತು. ಎಪ್ಪತ್ತು ವರ್ಷದಲ್ಲಿ ಸುಮಾರು 10 ಲಕ್ಷ ಜನರನ್ನು ದಕ್ಷಿಣಕ್ಕೂ ಪಶ್ಚಿಮಕ್ಕೂ ಸಾಗಿಸಿದರು, ಎಷ್ಟೋ ಜನರನ್ನು ಸರಪಳಿಯಲ್ಲಿ ಸಾಲಾಗಿ ನಡೆಸಿಕೊಂಡು. ನಾವು ಹೊರನಾಡಿಗರು ಊರು ಬಿಟ್ಟ ದುಃಖದ ಬಗ್ಗೆ ಎಷ್ಟು ಬರೆಯುತ್ತೇವೆ! ನಾನು ಹುಬ್ಬಳ್ಳಿಯಲ್ಲಿ ರಾತ್ರಿ ಬಸ್ಸು ಹತ್ತಿದಾಗ ಅವ್ವ ಬುತ್ತಿ ಕಟ್ಟಿ ಕೊಟ್ಟಿದ್ದಳು. ದೀಪಾವಳಿಗೆ ತಿರುಗಿ ಬರುತ್ತೇನೆ ಅಂತ ಗೊತ್ತಿತ್ತು. ಅವರಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ತಿರುಗಿ ಮುಖ ನೋಡಿದವರು ಎಷ್ಟು ಜನವೋ. 1860ರ ಹೊತ್ತಿಗೆ ಗುಲಾಮರ ಸಂಖ್ಯೆ 40 ಲಕ್ಷದ ಹತ್ತಿರ.

ಇದರಲ್ಲಿ ನನಗೆ ಹೆಚ್ಚು ಕಾಡಿದ್ದು ಅಲ್ಲಿಯ ಪ್ರಾಂತಭೇದ. ವರ್ಜೀನಿಯಾದವರು ತಮ್ಮನ್ನು ದಯಾಳುಗಳು ಅಂತ ತಿಳಿದಿದ್ದರು, ಕ್ರೂರಿಗಳೆಂದರೆ ಮಿಸಿಸಿಪಿಯವರು. ಆದರೆ ಮಿಸಿಸಿಪಿಯವರಿಗೆ ಮಾರಿದವರು ಇವರೇ. ಉತ್ತರದವರಂತೂ ಗುಲಾಮರನ್ನೇ ಇಟ್ಟುಕೊಳ್ಳದವರು. ಸರಿ. ಆದರೆ ಮ್ಯಾಸಚೂಸೆಟ್ಸಿನ ಲೋವೆಲ್ ಗಿರಣಿಗಳಲ್ಲಿ ನೇಯುತ್ತಿದ್ದದ್ದು ಅದೇ ಹತ್ತಿ. ಹಡಗು, ವಿಮೆ, ಸಾಲ ನ್ಯೂಯಾರ್ಕಿನದು. ಯುದ್ಧಕ್ಕೆ ಮೊದಲು, 1861ರ ಜನವರಿಯಲ್ಲಿ, ನ್ಯೂಯಾರ್ಕಿನ ಮೇಯರ್ ಫರ್ನಾಂಡೋ ವುಡ್, ನಮ್ಮ ನಗರವೂ ದೇಶದಿಂದ ಬೇರೆಯಾಗಿ ವ್ಯಾಪಾರ ಮುಂದುವರಿಸಲಿ ಎಂಬ ಸೂಚನೆಯನ್ನೇ ಇಟ್ಟಿದ್ದ. ಪಶ್ಚಿಮದ ಆರೆಗಾನಿನವರು 1857ರ ಸಂವಿಧಾನದಲ್ಲಿ ಗುಲಾಮಗಿರಿ ಬೇಡ ಅಂದರು; ಜೊತೆಗೆ ಕರಿಯರು ನಮ್ಮಲ್ಲಿಗೆ ಬರುವುದೂ ಬೇಡ ಅಂದರು.

ನಗುವ ಹಾಗಿಲ್ಲ. ಉಡುಪಿ ಕಡೆಯ ಗೆಳೆಯರೊಬ್ಬರ ಜೊತೆ ನನ್ನ ಬೆಳಗಿನ ವಾಕಿಂಗು. ಮಾತು ಇತ್ತ ಹೊರಳಿದಾಗ ಅವರು, "ನಿಮ್ಮ ಬಯಲುಸೀಮೆಯಲ್ಲಿ ಈ ಜೀತಗೀತ ಎಲ್ಲ ಉಂಟು ಮಾರಾಯ್ರೆ, ನಮ್ಮಲ್ಲಿ ಹಾಗಿಲ್ಲ" ಅಂದರು. ನಾನು ಬುಕಾನನ್ನನ ಹೆಸರು ತೆಗೆದೆ. 1801ರಲ್ಲಿ ಕೆನರಾದಲ್ಲಿ ತಿರುಗಾಡಿದ ಆ ಡಾಕ್ಟರು, ಇಲ್ಲಿ ಕೂಲಿಯಾಳುಗಳಲ್ಲದೆ ಮೂಲದಾಳುಗಳೂ ಇದ್ದಾರೆ, ಅಂದರೆ ಕೊಂಡ ಆಳುಗಳು, ಅಂತ ಬರೆದಿಟ್ಟಿದ್ದಾನೆ. 1843ರ ಐದನೆಯ ಕಾಯ್ದೆ ಬಂದ ಮೇಲೆ ಕಾನೂನಿನ ಕಣ್ಣಿಗೆ ಅದು ಇಲ್ಲವಾಯಿತು. ಗೆಳೆಯರು, "ಅದು ಹಳೇ ಕತೆ" ಅಂದರು. "ಹಂಗಾರ ನಮ್ಮದೂ ಹಳೇದರೀ" ಅಂದೆ. ಇಬ್ಬರೂ ಎರಡು ರೌಂಡು ಸುಮ್ಮನೆ ನಡೆದೆವು.

ಈಗ ಮುಂಬಯಿಗೆ ಬರುತ್ತೇನೆ. ನಮ್ಮ ಅಜ್ಜಿ ಹೇಳುತ್ತಿದ್ದಳು: "ಹಿಂದ ಒಮ್ಮೆ ಹತ್ತಿಗೆ ಬಂಗಾರದ ಬೆಲಿ ಬಂದಿತ್ತಂತ. ಚಕ್ಕಡಿ ಗಾಲಿಗೆ ಬೆಳ್ಳಿ ಹಳಿ ಬಡಿಸಿದ್ರಂತ. ಎಲ್ಲೋ ಯುದ್ಧ ಹತ್ತಿತ್ತಂತ." ಆ 'ಎಲ್ಲೋ' ಅಮೆರಿಕ. ನಮ್ಮ ಸೀಮೆಗೂ ಅದಕ್ಕೂ ನಂಟು ಅದಕ್ಕಿಂತ ಮೊದಲೇ ಇತ್ತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣದಿಂದ, ಅಂದರೆ ಗುಲಾಮರ ದುಡಿಮೆಯ ಸೀಮೆಯಿಂದ, ಹತ್ತು ಜನ ಹತ್ತಿ ಬೆಳೆಗಾರರನ್ನು ಕರೆಸಿತ್ತು. ಧಾರವಾಡದ ಕಲೆಕ್ಟರ್ ಷಾ ಅದೇ ಸುಮಾರಿಗೆ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿದ. ದೇಶದ ಬೇರೆ ಕಡೆ ಹತ್ತದ ಬೀಜ ಹುಬ್ಬಳ್ಳಿ–ಗದಗಿನ ಎರಿಯಲ್ಲಿ ಹತ್ತಿತು. ಅದೇ ಧಾರವಾಡ–ಅಮೆರಿಕನ್, ನಮ್ಮವರ ಬಾಯಲ್ಲಿ ವಿಲಾಯತಿ ಹತ್ತಿ. ಹಳೆಯದು ಜವಾರಿ ಹತ್ತಿ.

1861ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ಹತ್ತಿತು. ಲಿಂಕನ್ನನ ನೌಕಾಪಡೆ ದಕ್ಷಿಣದ ಬಂದರುಗಳಿಗೆ ಮುತ್ತಿಗೆ ಹಾಕಿತು. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಮುಕ್ಕಾಲು ಪಾಲು ಅಲ್ಲಿಂದಲೇ ಹೋಗುತ್ತಿತ್ತು. ಅದು ನಿಂತಾಗ ಎಲ್ಲರ ಕಣ್ಣು ಮುಂಬಯಿಯ ಮೇಲೆ. ನಮ್ಮ ಹತ್ತಿ ಘಟ್ಟ ಇಳಿದು ಕುಮಟೆಗೆ ಹೋಗಿ ಹಡಗು ಹತ್ತಿ ಇಲ್ಲಿಗೆ ಬರುತ್ತಿತ್ತು. ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ದಾರಿಯ ಒತ್ತಾಯವಿತ್ತು. ಆ ಜಿಲ್ಲೆಯವರು ಮುಂಬಯಿಯನ್ನು ತಮ್ಮದೆಂದುಕೊಂಡದ್ದಕ್ಕೆ ಅದೂ ಒಂದು ಕಾರಣ. ಆ ಜಿಲ್ಲೆಯ ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರ, ಅಲ್ಲಿಂದ ತಪ್ಪಿಸಿಕೊಂಡವರ ಸಂತತಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವಾಗ ಅವರನ್ನು ಎಷ್ಟೋ ಸಲ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಗುಲಾಮಗಿರಿ ಅಂದರೆ ಅಮೆರಿಕ ಅಂತಲೇ ಆಗಲೂ ನನ್ನ ತಿಳುವಳಿಕೆ.

ಮುಂಬಯಿಯಲ್ಲಿ ನಾಲ್ಕು ವರ್ಷ ದುಡ್ಡಿನ ಮಳೆ. ದಿನಕ್ಕೊಂದು ಬ್ಯಾಂಕು, ದಿನಕ್ಕೊಂದು ಕಂಪನಿ. ಸಮುದ್ರ ತುಂಬಿಸಿ ಭೂಮಿ ಮಾಡುವ ಬ್ಯಾಕ್ ಬೇ ಕಂಪನಿಯ 5,000 ರೂಪಾಯಿಯ ಷೇರು 50,000 ದಾಟಿತು. ಗವರ್ನರ್ ಫ್ರೇರ್ ಕೋಟೆಯ ಗೋಡೆ ಕೆಡವಿಸಿದ. ಮೊದಲು ಹತ್ತಿಯ ಅಂಡಿಗೆ ಒಟ್ಟುತ್ತಿದ್ದ ಬಯಲಿನಲ್ಲಿ ಎದ್ದದ್ದೇ ಇಂದಿನ ಹಾರ್ನಿಮನ್ ಸರ್ಕಲ್. ಹತ್ತಿಯ ಬಯಲು ಕೊಲಾಬಾಕ್ಕೆ ಹೋಗಿ, ಕೊನೆಗೆ ಶಿವಡಿಯ ಕಡೆ ಬಂದು, ಸ್ಟೇಷನ್ನಿಗೆ ಹೆಸರು ಕೊಟ್ಟಿತು. ಪ್ರೇಮಚಂದ ರಾಯಚಂದ ತಾಯಿಯ ಹೆಸರಿನಲ್ಲಿ ಗಡಿಯಾರ ಗೋಪುರ ಕಟ್ಟಲು ದುಡ್ಡು ಕೊಟ್ಟ. ಅದೇ ರಾಜಾಬಾಯಿ ಟವರ್, ಮುಗಿದದ್ದು 1878ರಲ್ಲಿ.

1865ರ ಏಪ್ರಿಲಿನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಸುದ್ದಿ ಬಂದದ್ದೇ ಇಲ್ಲಿ ಹತ್ತಿಯ ಬೆಲೆ ಕುಸಿಯಿತು. ಜುಲೈ 1ಕ್ಕೆ ವಾಯಿದೆಯ ಲೆಕ್ಕ ಚುಕ್ತಾ ಮಾಡಬೇಕಿತ್ತು. ಮುಂಬಯಿ ದಿವಾಳಿ ಎದ್ದಿತು. ಬ್ಯಾಂಕ್ ಆಫ್ ಬಾಂಬೆಯೇ 1868ರಲ್ಲಿ ಮುಳುಗಿತು. ಅದೇ ವರ್ಷ ಅದೇ ಹೆಸರಿನಲ್ಲಿ ಹೊಸದಾಗಿ ಹುಟ್ಟಿ, ಮುಂದೆ ಇಂಪೀರಿಯಲ್ ಬ್ಯಾಂಕಿನಲ್ಲಿ, ಅಲ್ಲಿಂದ ಸ್ಟೇಟ್ ಬ್ಯಾಂಕಿನಲ್ಲಿ ಬೆರೆಯಿತು. ಬ್ಯಾಂಕಿಂಗ್ ಪರೀಕ್ಷೆಗೆ ಇದನ್ನೆಲ್ಲ ನಾನು ಬಾಯಿಪಾಠ ಮಾಡಿದ್ದೆ, 'ಸಟ್ಟಾದ ದುಷ್ಪರಿಣಾಮಗಳು' ಎಂಬ ತಲೆಬರಹದ ಕೆಳಗೆ. 40 ಲಕ್ಷ ಜನ ಮನುಷ್ಯರಾದ ಸುದ್ದಿ ನಮ್ಮ ಊರಿಗೆ ದಿವಾಳಿಯ ಸುದ್ದಿಯಾಗಿತ್ತು ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮುಂಬಯಿಯ ದಲಾಲರು ಗುಲಾಮಗಿರಿಯ ಪಕ್ಷದವರೇನೂ ಅಲ್ಲ. ಯುದ್ಧ ಇನ್ನೊಂದು ವರ್ಷ ನಡೆಯಲಿ ಅಂತ ಅವರಲ್ಲಿ ಎಷ್ಟೋ ಜನ ಮನಸ್ಸಿನಲ್ಲಿ ಬಯಸಿರಬೇಕು, ಅಷ್ಟೆ. ದೂರ ಇದ್ದವರಿಗೆ ಇದು ಸುಲಭ. ಆದರೆ ದೂರ ಒಂದೇ ಕಾರಣ ಅಂತ ಹೇಳಿಬಿಡಲೂ ಆಗುವುದಿಲ್ಲ. ಹತ್ತಿ ಇಲ್ಲದೆ ಗಿರಣಿ ನಿಂತು ಉಪವಾಸ ಬಿದ್ದ ಮ್ಯಾಂಚೆಸ್ಟರಿನ ಕೂಲಿಕಾರರು 1862ರ ಡಿಸೆಂಬರ್ 31ರಂದು ಸಭೆ ಸೇರಿ, ಗುಲಾಮರ ಬಿಡುಗಡೆಯ ವಿಷಯದಲ್ಲಿ ನಾವು ನಿಮ್ಮ ಜೊತೆ ಇದ್ದೇವೆ ಅಂತ ಲಿಂಕನ್ನನಿಗೆ ಪತ್ರ ಬರೆದರು. ಜನವರಿಯಲ್ಲಿ ಆತ ಉತ್ತರವನ್ನೂ ಬರೆದ. ಲ್ಯಾಂಕಾಶೈರಿನ ಎಲ್ಲರೂ ಹಾಗಿದ್ದರು ಅಂತಲ್ಲ. ಆದರೆ ಅವರೂ ಅಲಬಾಮಾದಿಂದ ಸಾವಿರಾರು ಮೈಲಿ ದೂರದವರೇ. ಅವರಿಗೆ ಕಂಡದ್ದು ನಮ್ಮ ಪೇಟೆಗೆ ಯಾಕೆ ಕಾಣಲಿಲ್ಲ? ಲಾಭದಲ್ಲಿದ್ದವನ ಕಣ್ಣು ಬೇರೆ ಅಂತ ಕಾಣುತ್ತದೆ.

ಇಷ್ಟೆಲ್ಲ ಬರೆದದ್ದು ಒಂದು ಪುಟದ ಸಲುವಾಗಿ.

ಅಪ್ಪ ತೀರಿದ ಮೇಲೆ ಮನೆ ಪಾಲಾಯಿತು. ಅಟ್ಟದ ಟ್ರಂಕಿನಲ್ಲಿ ಕೆಂಪು ಅರಿವೆಯ ರಟ್ಟಿನ ವಹಿ ಸಿಕ್ಕಿತು. ತಮ್ಮಂದಿರಿಗೆ ಬೇಡ, ಬ್ಯಾಂಕಿನವ ನೀನೇ ಇಟ್ಟುಕೋ ಅಂದರು. ಅದರಲ್ಲಿ ನಮ್ಮ ಆಳಮಗನ ಖಾತೆ ಇದೆ. ಅವನ ಹೆಸರು ಇಲ್ಲಿ ಬರೆಯುವುದಿಲ್ಲ, ಮೊಮ್ಮಕ್ಕಳು ಇದ್ದಾರೆ. 1969ರ ಯುಗಾದಿಗೆ ತಂಗಿಯ ಮದುವೆ ಸಲುವಾಗಿ 400 ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ 2ರ ಬಡ್ಡಿ. ಪಾಡ್ಯದಿಂದ ಪಾಡ್ಯಕ್ಕೆ ದುಡಿದರೆ ವರ್ಷಕ್ಕೆ 180 ರೂಪಾಯಿ, ಎರಡು ಹೊತ್ತು ರೊಟ್ಟಿ, ಒಂದು ಜೋಡು ಧೋತರ. ಕೆಳಗೆ ಅವನ ಹೆಬ್ಬೆಟ್ಟು. 1970ರ ಯುಗಾದಿಯ ಲೆಕ್ಕ: ಅಸಲು 400, ಬಡ್ಡಿ 96, ನಡುವೆ ಔಷಧಕ್ಕೆ, ಹಬ್ಬಕ್ಕೆ ತೆಗೆದುಕೊಂಡದ್ದು 110, ಒಟ್ಟು 606. ದುಡಿಮೆ 180 ಕಳೆದು ಬಾಕಿ 426. ವರ್ಷಪೂರ್ತಿ ದುಡಿದು 26 ರೂಪಾಯಿ ಹೆಚ್ಚು ಸಾಲಗಾರನಾದ.

ಆ ಲೆಕ್ಕ ನನ್ನ ಅಕ್ಷರದಲ್ಲಿದೆ. ನನಗೆ ಹನ್ನೆರಡು ವರ್ಷ. ಲೆಕ್ಕದಲ್ಲಿ ಹುಷಾರು ಅಂತ ಅಪ್ಪ ನನ್ನ ಕೈಲಿ ಬರೆಸಿದ. ತಪ್ಪಿಲ್ಲದೆ ಬರೆದದ್ದಕ್ಕೆ ಪೇಡೆ ಕೊಡಿಸಿದ. ಅವನು ಕಟ್ಟೆಯ ಕೆಳಗೆ ಕೂತು, "ಸಣ್ಣ ಧಣ್ಯಾರು ಭಾಳ ಶ್ಯಾಣ್ಯಾ" ಅಂದ. ಅದು ನೆನಪಿದೆ.

ಅಮೆರಿಕದ ಗುಲಾಮಗಿರಿಗೂ ಇದಕ್ಕೂ ಅಂತರ ಇದೆ, ನಾನು ಮುಚ್ಚುವುದಿಲ್ಲ. ಅವನನ್ನು ಯಾರೂ ಮಾರಲಿಲ್ಲ, ಹೆಂಡತಿಯಿಂದ ಅಗಲಿಸಲಿಲ್ಲ, ಚಾವಟಿ ಇರಲಿಲ್ಲ. "ಮನಿ ಮಗನ ಹಂಗ ಇದ್ದಾನ" ಅಂತ ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಸುಳ್ಳಲ್ಲ, ಆಳಮಗ ಎಂಬ ಮಾತಿನಲ್ಲೇ ಮಗ ಇದ್ದಾನೆ. ಆದರೆ ಮನೆಯ ಮಗ ಧಾರವಾಡಕ್ಕೆ ಓದಲು ಹೋದ, ಅವನ ಮಗ ಹತ್ತನೇ ವಯಸ್ಸಿಗೆ ನಮ್ಮ ದನ ಕಾದ. ವರ್ಜೀನಿಯಾದ ದಯಾಳುಗಳ ಬಗ್ಗೆ ಓದುವಾಗ ಅಪ್ಪನ ದನಿಯೇ ನನ್ನ ಕಿವಿಯಲ್ಲಿತ್ತು.

1976ರಲ್ಲಿ ಜೀತ ವಿಮುಕ್ತಿ ಕಾಯ್ದೆ ಬಂತು. ಅಂಥ ಸಾಲವೆಲ್ಲ ರದ್ದು. ತಲಾಟಿ ನಮ್ಮ ಕಟ್ಟೆಗೂ ಬಂದ. ಅಪ್ಪ, "ನಮ್ಮಲ್ಲಿ ಜೀತದವರು ಯಾರೂ ಇಲ್ರೀ, ಇವ ಪಗಾರದ ಆಳು" ಅಂದ. ತಲಾಟಿ ಹಾಗೆಯೇ ಬರೆದುಕೊಂಡು ಚಹಾ ಕುಡಿದು ಹೋದ. ನನಗೆ ಹದಿನೆಂಟು. ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದೆ. ವಹಿಯಲ್ಲಿ ಏನಿದೆ ಎಂಬುದು ಅಪ್ಪನಿಗೆ ಬಿಟ್ಟರೆ ಆ ಕಟ್ಟೆಯ ಮೇಲೆ ನನಗೊಬ್ಬನಿಗೇ ಗೊತ್ತಿತ್ತು. ಸುಮ್ಮನಿದ್ದೆ. ಅವನು 1983ರವರೆಗೆ ದುಡಿದ. ಅಷ್ಟರಲ್ಲಿ ನಾನು ಮುಂಬಯಿಯಲ್ಲಿದ್ದೆ. ಊರು ಬಿಟ್ಟವನಿಗೆ ಊರಿನ ವ್ಯವಹಾರ ಸಂಬಂಧವಿಲ್ಲ ಅನ್ನುವ ಒಂದು ಸಮಾಧಾನ ಇರುತ್ತದೆ. ನಮ್ಮ ಹೊರನಾಡಿನ ಬದುಕಿನಲ್ಲಿ ಅದು ಎಷ್ಟು ಹಿತವಾದ ಸಮಾಧಾನ ಅಂತ ಅದನ್ನು ಅನುಭವಿಸಿದವರಿಗೆ ಗೊತ್ತು.

2018ರಲ್ಲಿ ನಿವೃತ್ತನಾದ ಮೇಲೆ ವಹಿ ತೆಗೆದು ಲೆಕ್ಕ ಮತ್ತೆ ಹಾಕಿದೆ. ಹೊರಗಿನ ಅಂಕಿ ಒಂದೂ ಬೇಕಾಗಲಿಲ್ಲ. ಅದೇ ವಹಿಯಲ್ಲಿ ದಿನಗೂಲಿಯವರಿಗೆ ಕೊಟ್ಟದ್ದು ದಿನಕ್ಕೆ 2 ರೂಪಾಯಿ. 300 ದಿನಕ್ಕೆ 600. ಊಟ ಅರಿವೆಗೆ 200 ಮುರಿದರೂ 400. ಅಪ್ಪನ ಬಡ್ಡಿಯನ್ನೇ ಹಿಡಿದರೂ ಎರಡನೆಯ ಯುಗಾದಿಗೆ ಸಾಲ ತೀರಿ ಅವನಿಗೇ 35 ರೂಪಾಯಿ ಬರಬೇಕಿತ್ತು. 14 ವರ್ಷ, ವರ್ಷಕ್ಕೆ 220ರಂತೆ ಕಡಿಮೆ ಕೊಟ್ಟದ್ದು 3,080. ಮುಂದೆ ಕೂಲಿ ಏರಿದ್ದನ್ನು ಹಿಡಿದಿಲ್ಲ. ಇದಕ್ಕೆ ಈಗ ಬಡ್ಡಿ ಎಷ್ಟು? ಬ್ಯಾಂಕಿನ ಠೇವಣಿಯ ಹಾಗೆ ಶೇಕಡಾ 8 ಹಾಕಿದರೆ 80 ಸಾವಿರದ ಹತ್ತಿರ. ಅಪ್ಪನ ದರ 24 ಹಾಕಿ ಚಕ್ರಬಡ್ಡಿ ಕಟ್ಟಿದರೆ ಮೂರು ಕೋಟಿ ದಾಟಿತು. ಕ್ಯಾಲ್ಕುಲೇಟರನ್ನು ಮೂರು ಸಲ ಒತ್ತಿ ನೋಡಿದೆ.

ಇಂಥ ಲೆಕ್ಕವನ್ನು ಸರಕಾರಗಳೂ ಮಾಡಿವೆ. ಬ್ರಿಟನ್ 1833ರ ಕಾಯ್ದೆಯಂತೆ 2 ಕೋಟಿ ಪೌಂಡು ಪರಿಹಾರ ಕೊಟ್ಟಿತು. ಕೊಟ್ಟದ್ದು ಮಾಲೀಕರಿಗೆ. ವಾಷಿಂಗ್ಟನ್ ನಗರದಲ್ಲಿ 1862ರಲ್ಲಿ ತಲೆಗೆ 300 ಡಾಲರಿನವರೆಗೆ ಕೊಟ್ಟರು, ಅದೂ ಮಾಲೀಕರಿಗೆ. ಗುಲಾಮರಾಗಿದ್ದವರಿಗೆ 40 ಎಕರೆ ಭೂಮಿ ಎಂಬ 1865ರ ಆಜ್ಞೆಯನ್ನು ಅದೇ ವರ್ಷ ಹಿಂದಕ್ಕೆ ತೆಗೆದುಕೊಂಡರು. ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ, "ಅವರದು ಬಿಡ್ರಿ, ನೀವು ಯಾವ ದರ ಹಾಕ್ತೀರಿ?" ಅಂದಳು. ವಾಕಿಂಗಿನ ಗೆಳೆಯರು ಹೇಳಿದ್ದು ಬೇರೆ: "ಎಲ್ಲ ದುಡ್ಡಿನ ಹಿಂದೆಯೂ ಹೀಗೇ ಏನಾದರೂ ಉಂಟು. ಕೆದಕಿದರೆ ಊಟ ಮಾಡಲಿಕ್ಕೆ ಆಗುವುದಿಲ್ಲ." ಅವರ ಮಾತಿಗೆ ಉತ್ತರ ನನ್ನಲ್ಲಿ ಈಗಲೂ ಇಲ್ಲ. ಎಲ್ಲದರ ಹಿಂದೆ ಇರಬಹುದು. ಆದರೆ ಇದೊಂದರ ಕಾಗದ ನನ್ನ ಕಪಾಟಿನಲ್ಲಿದೆ.

1850ರ, 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರ ಪಟ್ಟಿ ಬೇರೆ ಇತ್ತು. ಮಾಲೀಕನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಹೆಸರಿಲ್ಲ. ಹಾಗಾಗಿ ತಮ್ಮ ಅಜ್ಜ ಮುತ್ತಜ್ಜಂದಿರ ಹೆಸರು ಹುಡುಕುವ ಕರಿಯ ಕುಟುಂಬದವರು ಎಷ್ಟೋ ಸಲ ಮಾರಾಟದ ಚೀಟಿ, ಅಡವಿನ ಪತ್ರಗಳನ್ನೇ ತಡಕಬೇಕಾಗುತ್ತದೆ. ಅದು ಓದಿದ್ದರಿಂದಲೋ ಏನೋ, ಹುಬ್ಬಳ್ಳಿಗೆ ಹೋಗುವಾಗ ಚೆಕ್ಕಿನ ಜೊತೆ ಆ ಹಾಳೆಯನ್ನೂ ಬಿಚ್ಚಿ ತೆಗೆದುಕೊಂಡೆ. ಚೆಕ್ಕು ಒಂದು ಲಕ್ಷದ್ದು. ಬಡ್ಡಿ 8, ಮೇಲೆ ನನ್ನ ಮನಸ್ಸಿನ ಅಳುಕಿಗೆ ಸ್ವಲ್ಪ.

ಮೊಮ್ಮಗ ಇಲೆಕ್ಟ್ರಿಷಿಯನ್. ಅಂಗಡಿಯಲ್ಲೇ ಕೂರಿಸಿ ಚಹಾ ತರಿಸಿದ. ಬಂದ ಕಾರಣ ಹೇಳಲು ನನಗೆ ಅರ್ಧ ತಾಸು ಬೇಕಾಯಿತು. ಚೆಕ್ಕು ತೆಗೆದುಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟ. ಬೇಡ ಅನ್ನಲಿಲ್ಲ, ಉಪಕಾರ ಅಂತಲೂ ಅನ್ನಲಿಲ್ಲ. ಎರಡಕ್ಕೂ ಕಾರಣ ಇರಲಿಲ್ಲ. ಹಾಳೆಯನ್ನು ಮಾತ್ರ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಅಜ್ಜನ ಹೆಬ್ಬಟ್ಟು ಏನ್ರೀ ಇದು? ಅವನದು ಒಂದು ಫೋಟೋ ಸೈತ ಇಲ್ರೀ ನಮ್ಮಲ್ಲಿ. ಈ ಹಾಳಿ ನನ್ನ ಕಡೇನ ಇರ್ಲಿ" ಅಂದ. ಇರಲಿ ಅಂದೆ. ಅವನ ಬೆರಳು ಸಾಲುಗಳ ಮೇಲೆ ಇಳಿಯಿತು. ಅವನು ಓದಬಲ್ಲವನು ಎಂಬುದು ನನಗೆ ಆಗ ಹೊಳೆಯಿತು, ನೋಡಿ.

"ತಿಂಗಳಿಗೆ ನೂರಕ್ಕ ಎರಡು. ಅಂದ್ರ ಇಪ್ಪತ್ನಾಕು. ನೀವು ಎಷ್ಟು ಹಾಕೀರಿ ಸರ?"

"ಎಂಟು."

ಅವನು ತಲೆ ಆಡಿಸಿದ. ಬೆರಳು 426ರ ಮೇಲೆ ನಿಂತಿತು.

"ಈ ಅಕ್ಷರ ಭಾಳ ಛಂದ ಅದಾವ. ಯಾರವ್ರೀ? ನಿಮ್ಮಪ್ಪಾರವೇನು?"

"ಅಲ್ಲ," ಅಂದೆ. "ನನ್ನವು."